ತೋಳನ ಬುಟ್ಟಿ ಮತ್ತು ಸಾವಿರದ ಗುಟ್ಟು



ಈ ಸಲ ಒಂದು ಸುಳ್ಳು ಸುದ್ದಿಯಿಂದ ಪಾಠ ಶುರು ಮಾಡುವ. ಸುದ್ದಿ ಹಳೆಯದು, ದೇಶವೂ ದೂರದ್ದು. ಆದರೆ ಓದುತ್ತಾ ಹೋದಂತೆ ಇದು ನಮ್ಮ ಶಾಲೆಯ ಜಗಲಿಯಲ್ಲೇ ಕೇಳಿದ ಮಾತಿನ ಹಾಗೆ ಉಂಟಲ್ಲ ಅಂತ ನಿಮಗೆ ಅನ್ನಿಸಬಹುದು.

1980ರ ದಶಕದ ಸೋವಿಯತ್ ಒಕ್ಕೂಟ. ಒಬ್ಬ ಹುಡುಗನ ಕೈಯಲ್ಲಿ ಅಂಗೈಯಷ್ಟೇ ದೊಡ್ಡ ಒಂದು ಆಟದ ಸಾಧನ ಇದೆ. ಸುತ್ತ ನಾಲ್ಕೈದು ಮಂದಿ ಗೆಳೆಯರು ಇಣುಕಿ ನೋಡುತ್ತಿದ್ದಾರೆ. ಅವರಲ್ಲಿ ಒಬ್ಬ ಪಿಸುಗುಟ್ಟುತ್ತಾನೆ:

"ಸಾವಿರ ಅಂಕ ಮಾಡಿದ್ರೆ ಏನಾಗ್ತದೆ ಗೊತ್ತುಂಟಾ? ಈ ಪರದೆಯಲ್ಲೇ ಕಾರ್ಟೂನ್ ಸಿನಿಮಾ ಶುರುವಾಗ್ತದೆ!"

"ನೀನು ನೋಡಿದ್ದೀಯಾ?"

"ನಾನು ನೋಡ್ಲಿಲ್ಲ. ನಮ್ಮ ಬೀದಿಯ ಒಬ್ಬ ಅಣ್ಣ ನೋಡಿದ್ದಾನಂತೆ."

ಈ ಮಾತುಕತೆ ನಾನು ಊಹಿಸಿ ಬರೆದದ್ದು. ಆದರೆ ಸುದ್ದಿ ಮಾತ್ರ ನಿಜವಾಗಿಯೂ ಇತ್ತು. ಆ ದೇಶದ ಊರೂರುಗಳಲ್ಲಿ ಮಕ್ಕಳು ಅದನ್ನು ನಂಬಿ, ಬೆರಳು ನೋಯುವವರೆಗೆ ಆಡುತ್ತಿದ್ದರು. ಅದು ನಿಜವಾಗಲು ಸಾಧ್ಯವಿತ್ತೇ? ಸಾವಿರ ಅಂಕ ಮಾಡದೆಯೇ ಅದನ್ನು ಕಂಡುಹಿಡಿಯಬಹುದೇ? ಇವತ್ತಿನ ಪಾಠ ಇಷ್ಟೇ.

ಮೊಟ್ಟೆ ಹಿಡಿಯುವ ತೋಳ

ಮೊದಲು ಕಾರ್ಟೂನಿನ ಪರಿಚಯ. ಮಾಸ್ಕೋದಲ್ಲಿ ಸೊಯುಜ್‌ಮುಲ್ತ್‌ಫಿಲ್ಮ್ ಎಂಬ ಚಿತ್ರ ತಯಾರಿಕಾ ಸಂಸ್ಥೆ ಇದೆ. ಅದು 1969ರಲ್ಲಿ 'ನು, ಪಗದಿ!' ಎಂಬ ಮಕ್ಕಳ ಕಾರ್ಟೂನ್ ಸರಣಿಯನ್ನು ಆರಂಭಿಸಿತು. ಅದರ ನಿರ್ದೇಶಕರು ವ್ಯಾಚೆಸ್ಲಾವ್ ಕೊತ್ಯೋನೊಚ್ಕಿನ್. ಕತೆ ಸರಳ. ಒಂದು ತುಂಟ ತೋಳ, ಒಂದು ಜಾಣ ಮೊಲ. ತೋಳ ಮೊಲವನ್ನು ಅಟ್ಟಿಸಿಕೊಂಡು ಹೋಗುತ್ತದೆ, ಪ್ರತಿ ಸಲವೂ ತಾನೇ ಪೆಟ್ಟು ತಿನ್ನುತ್ತದೆ. ಕೊನೆಗೆ "ನು, ಪಗದಿ!" ಎಂದು ಕೂಗುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, "ಇರು, ನಿನ್ನನ್ನು ನೋಡ್ಕೊಳ್ತೇನೆ!"

1984ರಲ್ಲಿ ಈ ತೋಳ ಮಕ್ಕಳ ಕೈಗೇ ಬಂತು. 'ಎಲೆಕ್ತ್ರೋನಿಕಾ' ಎಂಬ ಹೆಸರಿನಲ್ಲಿ ಬಂದ ಆ ಕೈಯಾಟದ ಬೆಲೆ 25 ರೂಬಲ್. ಪರದೆಯ ನಡುವೆ ಬುಟ್ಟಿ ಹಿಡಿದ ತೋಳ. ಎಡಕ್ಕೆ ಎರಡು, ಬಲಕ್ಕೆ ಎರಡು ಇಳಿಜಾರು ಹಲಗೆಗಳು. ಅವುಗಳ ತುದಿಯಲ್ಲಿ ಕೋಳಿಗಳು. ಮೊಟ್ಟೆಗಳು ಟಿಕ್ ಟಿಕ್ ಎಂದು ಹಲಗೆಯ ಮೇಲೆ ಉರುಳಿ ಬರುತ್ತವೆ. ನಾಲ್ಕು ಮೂಲೆಗೆ ನಾಲ್ಕು ಗುಂಡಿಗಳು. ಯಾವ ಹಲಗೆಯಿಂದ ಮೊಟ್ಟೆ ಬೀಳುತ್ತದೋ ಆ ಕಡೆಯ ಗುಂಡಿ ಒತ್ತಿದರೆ ತೋಳ ಬುಟ್ಟಿಯನ್ನು ಅಲ್ಲಿಗೆ ಒಡ್ಡುತ್ತದೆ. ಹಿಡಿದ ಒಂದೊಂದು ಮೊಟ್ಟೆಗೆ ಒಂದೊಂದು ಅಂಕ. ಬಿಟ್ಟರೆ ಮೊಟ್ಟೆ ಒಡೆಯುತ್ತದೆ, ತಪ್ಪು ಬೀಳುತ್ತದೆ. ಮೂರು ತಪ್ಪಾದರೆ ಆಟ ಮುಗಿಯಿತು. ನಡುನಡುವೆ ಮೂಲೆಯ ಕಿಟಕಿಯಲ್ಲಿ ಮೊಲ ಇಣುಕುತ್ತದೆ. ಮೊಲ ಇರುವಾಗ ಮೊಟ್ಟೆ ಒಡೆದರೆ ಅರ್ಧ ತಪ್ಪು ಮಾತ್ರ!

ಅಂಕ ಏರಿದಂತೆ ಮೊಟ್ಟೆಗಳ ವೇಗವೂ ಏರುತ್ತದೆ. ಹಾಗಾಗಿ ಸಾವಿರದ ತನಕ ಹೋಗುವುದು ಸುಲಭವಲ್ಲ. ಸುಳ್ಳು ಸುದ್ದಿ ಬಹುಕಾಲ ಬಾಳುವುದಕ್ಕೆ ಇಂಥ ಜಾಗವೇ ಬೇಕು: ಯಾರೂ ಸುಲಭವಾಗಿ ಹೋಗಿ ನೋಡಿ ಬರಲಾಗದ ಜಾಗ.

ರೈಲಿನಲ್ಲಿ ಹೊಳೆದ ಉಪಾಯ

ಈ ಆಟದ ಮೂಲ ಸೋವಿಯತ್ ದೇಶದ್ದಲ್ಲ, ಜಪಾನಿನದು. ಅಲ್ಲಿನ ಕ್ಯೋಟೋ ನಗರದ ನಿಂಟೆಂಡೊ ಕಂಪನಿಯಲ್ಲಿ ಗುನ್ಪೆ ಯೊಕೊಯ್ ಎಂಬ ವಿನ್ಯಾಸಕಾರರಿದ್ದರು. ಒಂದು ದಿನ ಅವರು ವೇಗದ ಶಿಂಕಾನ್ಸೆನ್ ರೈಲಿನಲ್ಲಿ ಹೋಗುತ್ತಿದ್ದರು. ಬೇಸರದಿಂದ ಕೂತಿದ್ದ ಒಬ್ಬ ಪ್ರಯಾಣಿಕ ತನ್ನ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತಾ ಕಾಲ ಕಳೆಯುವುದನ್ನು ಕಂಡರು. ಕ್ಯಾಲ್ಕುಲೇಟರಿನ ಒಳಗಿರುವ ಸಾಮಾನುಗಳಿಂದಲೇ ಆಟವನ್ನೂ ಮಾಡಬಾರದೇಕೆ ಎಂಬ ಯೋಚನೆ ಅವರಿಗೆ ಹೊಳೆಯಿತು.

ಹೀಗೆ 1980ರಲ್ಲಿ 'ಗೇಮ್ ಅಂಡ್ ವಾಚ್' ಎಂಬ ಕೈಯಾಟಗಳ ಸಾಲು ಬಂತು. ಆಟವೂ ಉಂಟು, ಗಡಿಯಾರವೂ ಉಂಟು. ಹೊಸ ದುಬಾರಿ ತಂತ್ರಜ್ಞಾನದ ಹಿಂದೆ ಓಡಬೇಡಿ, ಹಳತಾಗಿ ಅಗ್ಗವಾದ ತಂತ್ರಜ್ಞಾನಕ್ಕೆ ಹೊಸ ಕೆಲಸ ಹುಡುಕಿ ಎಂಬುದು ಯೊಕೊಯ್ ಅವರ ದಾರಿ. ಆ ಸಾಲಿನ ಆಟಗಳು ಜಗತ್ತಿನಲ್ಲಿ ನಾಲ್ಕು ಕೋಟಿಗೂ ಹೆಚ್ಚು ಮಾರಾಟವಾದವು.

1981ರಲ್ಲಿ ಆ ಸಾಲಿನಲ್ಲಿ ಬಂದದ್ದು ಮಿಕ್ಕಿ ಮೌಸ್ ಬುಟ್ಟಿ ಹಿಡಿದು ಮೊಟ್ಟೆ ಹಿಡಿಯುವ ಆಟ. ಸೋವಿಯತ್ ಕಾರ್ಖಾನೆಗಳು ಅದೇ ಆಟವನ್ನು ನೋಡಿ ನಕಲು ಮಾಡಿದವು. ಮಿಕ್ಕಿಯ ಜಾಗಕ್ಕೆ ತಮ್ಮ ಮಕ್ಕಳಿಗೆ ಪ್ರಿಯವಾದ ತೋಳನನ್ನು ತಂದವು. ಇಲ್ಲಿ ಒಂದು ಮಾತನ್ನು ನೆನಪಿಟ್ಟುಕೊಳ್ಳಿ: ಮಿಕ್ಕಿ ಹೋಗಿ ತೋಳ ಬಂದರೂ ಆಟದ ನಿಯಮ ಬದಲಾಗಲಿಲ್ಲ. ಅದೇ ನಾಲ್ಕು ಹಲಗೆ, ಅದೇ ಮೊಟ್ಟೆ. ಬದಲಾದದ್ದು ಗಾಜಿನ ಮೇಲಿನ ಚಿತ್ರ. ಇದು ನಮಗೆ ಸಿಕ್ಕ ಮೊದಲನೆಯ ಸುಳಿವು.

ಗಾಜಿನೊಳಗೆ ಏನುಂಟು?

ಕ್ಯಾಲ್ಕುಲೇಟರ್, ಕೈಗಡಿಯಾರ, ಮನೆಯ ಡಿಜಿಟಲ್ ಥರ್ಮಾಮೀಟರ್, ಗೋಡೆಯ ವಿದ್ಯುತ್ ಮೀಟರ್ – ಇವುಗಳಲ್ಲಿ ಬೂದು ಹಿನ್ನೆಲೆಯ ಮೇಲೆ ಕಪ್ಪು ಅಂಕಿಗಳು ಕಾಣುತ್ತವಲ್ಲ, ಅದೇ ಎಲ್‌ಸಿಡಿ, ಅಂದರೆ ದ್ರವಸ್ಫಟಿಕದ ಪರದೆ. ತೋಳನ ಆಟದ ಪರದೆಯೂ ಇದೇ ಜಾತಿಯದು.

ದ್ರವವೂ ಹೌದು, ಸ್ಫಟಿಕವೂ ಹೌದು ಎಂದರೆ ಏನು? 1888ರಲ್ಲಿ ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಶ್ ರೈನಿಟ್ಜರ್ ಕೊಲೆಸ್ಟರಾಲಿನಿಂದ ಬಂದ ಒಂದು ವಸ್ತುವನ್ನು ಕಾಯಿಸುತ್ತಿದ್ದರು. 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಕರಗಿ ಮಬ್ಬಾದ ದ್ರವವಾಯಿತು. ಇನ್ನೂ ಕಾಯಿಸಿದಾಗ 178.5 ಡಿಗ್ರಿಯಲ್ಲಿ ಮಬ್ಬು ಹೋಗಿ ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುವ ಬಿಂದುಗಳು! ನಡುವಿನ ಆ ಮಬ್ಬು ಸ್ಥಿತಿಯಲ್ಲಿ ಅಣುಗಳು ದ್ರವದಂತೆ ಹರಿಯುತ್ತವೆ, ಆದರೆ ಸ್ಫಟಿಕದಂತೆ ಒಂದು ಶಿಸ್ತಿನಲ್ಲಿ ಮುಖ ಮಾಡಿರುತ್ತವೆ. ಜಾತ್ರೆಯಲ್ಲಿ ತೇರಿನ ಹಿಂದೆ ನಡೆಯುವ ಜನರನ್ನು ನೆನೆಸಿಕೊಳ್ಳಿ. ಎಲ್ಲರೂ ಚಲಿಸುತ್ತಿರುತ್ತಾರೆ, ಯಾರೂ ಒಂದೇ ಜಾಗದಲ್ಲಿ ಇರುವುದಿಲ್ಲ, ಆದರೂ ಎಲ್ಲರ ಮುಖ ತೇರಿನ ಕಡೆಗೇ.

ಈ ವಸ್ತುಗಳ ಅಧ್ಯಯನದಲ್ಲಿ ನಮ್ಮ ಹತ್ತಿರದ ಬೆಂಗಳೂರಿಗೂ ದೊಡ್ಡ ಹೆಸರುಂಟು. ಅಲ್ಲಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು 1977ರಲ್ಲಿ ಬಿಲ್ಲೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕ ಆಗುತ್ತದೆ ಎಂದು ತೋರಿಸಿದರು. ಅದುವರೆಗೆ ಗೊತ್ತಿದ್ದದ್ದು ಕಡ್ಡಿಯಾಕಾರದ ಅಣುಗಳ ದ್ರವಸ್ಫಟಿಕ. ನಮ್ಮ ತೋಳನ ಪರದೆಯಲ್ಲಿ ಇರುವುದು ಕಡ್ಡಿಯಾಕಾರದ್ದೇ.

ಈಗ ಪರದೆ ಕಪ್ಪಾಗುವುದು ಹೇಗೆಂದು ನೋಡುವ. ಕಿಟಕಿಯ ಸರಳುಗಳ ನಡುವೆ ಒಂದು ಹಗ್ಗ ತೂರಿಸಿ ಅಲುಗಾಡಿಸಿ. ಸರಳು ನೆಟ್ಟಗಿದ್ದರೆ ಮೇಲೆ ಕೆಳಗೆ ಅಲುಗುವ ಅಲೆ ದಾಟಿ ಹೋಗುತ್ತದೆ. ಅಡ್ಡ ಅಲುಗುವ ಅಲೆ ಸರಳಿಗೆ ತಾಗಿ ನಿಲ್ಲುತ್ತದೆ. ಬೆಳಕಿನ ಅಲೆಗೂ ಇಂಥ 'ಕಿಟಕಿ' ಉಂಟು. ಅದರ ಹೆಸರು ಧ್ರುವಕ. ಒಂದು ಧ್ರುವಕ ನೆಟ್ಟಗೆ, ಅದರ ಹಿಂದೆ ಇನ್ನೊಂದು ಅಡ್ಡಕ್ಕೆ ಇಟ್ಟರೆ ಬೆಳಕು ದಾಟುವುದಿಲ್ಲ.

ಎಲ್‌ಸಿಡಿಯಲ್ಲಿ ಹೀಗೆ ಒಂದು ನೆಟ್ಟಗೆ, ಒಂದು ಅಡ್ಡ ಇಟ್ಟ ಧ್ರುವಕಗಳ ನಡುವೆ ದ್ರವಸ್ಫಟಿಕದ ತೆಳು ಪದರ ಇರುತ್ತದೆ. ಅದರ ಅಣುಗಳು ಸುರುಳಿ ಮೆಟ್ಟಿಲಿನ ಹಾಗೆ ಮೇಲಿನಿಂದ ಕೆಳಕ್ಕೆ 90 ಡಿಗ್ರಿ ತಿರುಗಿ ನಿಂತಿರುತ್ತವೆ. ಬೆಳಕು ಆ ಮೆಟ್ಟಿಲಿನಲ್ಲಿ ಇಳಿಯುತ್ತಾ ತಾನೂ 90 ಡಿಗ್ರಿ ತಿರುಗುತ್ತದೆ, ಎರಡನೆಯ ಕಿಟಕಿಯನ್ನೂ ದಾಟಿ ಹಿಂದಿನ ಪ್ರತಿಫಲಕಕ್ಕೆ ಬಡಿದು ಮರಳುತ್ತದೆ. ಆ ಜಾಗ ನಮಗೆ ಬೂದಾಗಿ ಕಾಣುತ್ತದೆ. ಒಂದು ಜಾಗಕ್ಕೆ ಸಣ್ಣ ವೋಲ್ಟೇಜ್ ಕೊಟ್ಟರೆ ಅಲ್ಲಿನ ಸುರುಳಿ ಬಿಚ್ಚಿ ಅಣುಗಳು ನೆಟ್ಟಗೆ ನಿಲ್ಲುತ್ತವೆ. ಬೆಳಕು ತಿರುಗುವುದಿಲ್ಲ, ಎರಡನೆಯ ಕಿಟಕಿ ದಾಟುವುದಿಲ್ಲ. ಆ ಜಾಗ ಕಪ್ಪು. ಈ ವಿಧಾನವನ್ನು ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್ಫ್ರಿಶ್ ಎಂಬ ವಿಜ್ಞಾನಿಗಳು 1970ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ರೂಪಿಸಿದರು.

ಗಮನಿಸಿ: ಈ ಪರದೆ ತಾನಾಗಿ ಬೆಳಕು ಕೊಡುವುದಿಲ್ಲ. ಕೋಣೆಯ ಬೆಳಕನ್ನು ಬಿಡುವುದು, ತಡೆಯುವುದು ಅಷ್ಟೇ ಅದರ ಕೆಲಸ. ಆದ್ದರಿಂದಲೇ ಎರಡು ಗುಂಡಿ ಬ್ಯಾಟರಿಗಳಲ್ಲಿ ಇಂಥ ಆಟ ಬಹುಕಾಲ ನಡೆಯುತ್ತಿತ್ತು. ಆದ್ದರಿಂದಲೇ ಕತ್ತಲೆಯಲ್ಲಿ ಆಡಲು ಆಗುತ್ತಿರಲಿಲ್ಲ.

ಆದರೆ ವೋಲ್ಟೇಜ್ ಎಲ್ಲಿಗೆ ಕೊಡಬೇಕು? ಗಾಜಿನ ಒಳಮೈಗೆ ವಿದ್ಯುತ್ ಹರಿಯುವ ಪಾರದರ್ಶಕ ಲೇಪ ಹಚ್ಚಿರುತ್ತಾರೆ. ಯಾವ ಆಕಾರದಲ್ಲಿ ಲೇಪ ಉಂಟೋ ಆ ಆಕಾರ ಮಾತ್ರ ಕಪ್ಪಾಗುತ್ತದೆ. ತೋಳದ ಆಕಾರದಲ್ಲಿ ಲೇಪ ಇದ್ದರೆ ತೋಳ, ಮೊಟ್ಟೆಯ ಆಕಾರದಲ್ಲಿ ಇದ್ದರೆ ಮೊಟ್ಟೆ. ಆಕಾರ ಕಾರ್ಖಾನೆಯಲ್ಲೇ ಗೊತ್ತಾಗಿಹೋಗಿರುತ್ತದೆ. ಆಮೇಲೆ ಅದನ್ನು ಬದಲಿಸಲು ಯಾವ ಗುಂಡಿಯಿಂದಲೂ ಸಾಧ್ಯವಿಲ್ಲ.

ಮಾಡಿ ನೋಡಿ

1. ಒಂದು ಕ್ಯಾಲ್ಕುಲೇಟರನ್ನು ಬಂದ್ ಮಾಡಿ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ. ಹಲವು ಕ್ಯಾಲ್ಕುಲೇಟರುಗಳಲ್ಲಿ 8 8 8 8 ಎಂಬ ನಸುಗೆರೆಗಳು ಕಾಣುತ್ತವೆ. ಅವೇ ಗಾಜಿನೊಳಗಿನ ಲೇಪದ ಆಕಾರಗಳು. 8ರಲ್ಲಿ ಎಷ್ಟು ತುಂಡುಗಳಿವೆ, ಎಣಿಸಿ.

2. ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇದ್ದರೆ ದೊಡ್ಡವರ ಮುಂದೆ ಅದನ್ನು ಚಾಲೂ ಮಾಡಿ. ಮೊದಲ ಕ್ಷಣದಲ್ಲಿ 188.8 ಎಂಬಂಥ ಸಂಖ್ಯೆ ಬಂದು ಹೋಗುತ್ತದೆ. ಯಾರಿಗೂ ಅಷ್ಟು ಜ್ವರ ಬಂದದ್ದಲ್ಲ! "ನನ್ನಲ್ಲಿರುವ ಎಲ್ಲ ತುಂಡುಗಳೂ ಸರಿ ಇವೆ" ಎಂದು ಸಾಧನ ಒಮ್ಮೆ ತೋರಿಸಿಬಿಡುತ್ತದೆ.

3. ಏಳು ಬೆಂಕಿಕಡ್ಡಿಗಳಿಂದ 8 ಮಾಡಿ. ಕಡ್ಡಿಗಳನ್ನು ತೆಗೆಯುತ್ತಾ 0ಯಿಂದ 9ರ ತನಕ ಎಲ್ಲ ಅಂಕಿಗಳನ್ನೂ ಮಾಡಿ. ಆದೀತು. ಈಗ ಹೊಸ ಕಡ್ಡಿ ಸೇರಿಸದೆ, ಜಾಗ ಬದಲಿಸದೆ 'ಕ' ಅಕ್ಷರ ಮಾಡಿ ನೋಡುವ.

4. ಧ್ರುವೀಕರಣದ ಗಾಜಿರುವ ತಂಪು ಕನ್ನಡಕ ಯಾರಲ್ಲಾದರೂ ಇದ್ದರೆ ಅದರ ಮೂಲಕ ಕ್ಯಾಲ್ಕುಲೇಟರ್ ನೋಡುತ್ತಾ ಕ್ಯಾಲ್ಕುಲೇಟರನ್ನು ತಿರುಗಿಸಿ. ಒಂದು ಕೋನದಲ್ಲಿ ಇಡೀ ಪರದೆ ಕಪ್ಪಾಗುತ್ತದೆ. ಏಕೆಂದು ಹಗ್ಗ ಮತ್ತು ಕಿಟಕಿಯ ಹೋಲಿಕೆಯಿಂದ ವಿವರಿಸಿ.

ಎಚ್ಚರಿಕೆ: ಪರದೆಯನ್ನು ಒಡೆಯಬೇಡಿ. ಗುಂಡಿ ಬ್ಯಾಟರಿಗಳನ್ನು ಹೊರತೆಗೆದು ಆಡಬೇಡಿ. ಚಿಕ್ಕ ಮಕ್ಕಳು ನುಂಗಿದರೆ ಪ್ರಾಣಕ್ಕೇ ಅಪಾಯ.

ಪೆಟ್ಟಿಗೆಯಲ್ಲಿ ಇಲ್ಲದ ಗೊಂಬೆ

ಮೂರನೆಯ ಪ್ರಯೋಗದಲ್ಲಿ 'ಕ' ಬರಲಿಲ್ಲ ಅಲ್ವಾ? ನಿಮ್ಮ ಜಾಣತನ ಕಡಿಮೆ ಆಗಿ ಅಲ್ಲ. ಬೇಕಾದ ಬಾಗಿದ ಕಡ್ಡಿಯೇ ಅಲ್ಲಿಲ್ಲ. ತೋಳನ ಆಟದ ಗುಟ್ಟು ಪೂರ್ತಿ ಇಲ್ಲಿದೆ.

ಯಕ್ಷಗಾನ ಗೊಂಬೆಯಾಟ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಭಾಗವತರು ಎಷ್ಟು ಚಂದ ಹಾಡಿದರೂ ಪೆಟ್ಟಿಗೆಯಲ್ಲಿ ಹನುಮಂತನ ಗೊಂಬೆ ಇಲ್ಲದಿದ್ದರೆ ರಂಗಕ್ಕೆ ಹನುಮಂತ ಬರುವ ಹಾಗಿಲ್ಲ. ಆಟದ ಸಾಧನದಲ್ಲಿ ಚಿಪ್ ಭಾಗವತರ ಹಾಗೆ: ಈಗ ಯಾರು ಬರಬೇಕು, ಯಾರು ಹೋಗಬೇಕು ಎಂದು ಹೇಳುತ್ತದೆ. ಗಾಜು ಗೊಂಬೆಗಳ ಪೆಟ್ಟಿಗೆ.

ತೋಳನ ಪೆಟ್ಟಿಗೆಯಲ್ಲಿ ಏನೇನು ಇತ್ತು? ಎಡಕ್ಕೆ ನೋಡುವ ತೋಳನ ಮೈ ಒಂದು, ಬಲಕ್ಕೆ ನೋಡುವ ಮೈ ಒಂದು. ಬುಟ್ಟಿ ಹಿಡಿದ ಕೈಗಳು ನಾಲ್ಕು ಜಾಗದಲ್ಲಿ. ಪ್ರತಿ ಹಲಗೆಗೆ 5ರಂತೆ ನಾಲ್ಕು ಹಲಗೆಗಳಿಗೆ 20 ಮೊಟ್ಟೆಗಳು. ಒಡೆದ ಮೊಟ್ಟೆ, ಓಡಿಹೋಗುವ ಕೋಳಿಮರಿ, ಇಣುಕುವ ಮೊಲ, ತಪ್ಪಿನ ಗುರುತುಗಳು, ಅಂಕಿಗಳ ತುಂಡುಗಳು. ಎಲ್ಲ ಸೇರಿ ನೂರು ದಾಟುವುದಿಲ್ಲ. ಹಲಗೆಗಳು ಮತ್ತು ಹಿನ್ನೆಲೆಯ ದೃಶ್ಯ ಬಣ್ಣದಲ್ಲಿ ಮುದ್ರಿಸಿದ ಚಿತ್ರ. ಅವು ಅಲುಗುವುದೇ ಇಲ್ಲ.

"ಆದರೆ ಮೊಟ್ಟೆ ಉರುಳುವುದು ಕಾಣ್ತದಲ್ಲ ಸರ್?" ಎಂದು ನೀವು ಕೇಳಬಹುದು. ನಿಜವಾಗಿ ಯಾವ ಮೊಟ್ಟೆಯೂ ಉರುಳುವುದಿಲ್ಲ. ಮೊದಲ ಮೊಟ್ಟೆ ಆರಿ ಎರಡನೆಯದು ಕಪ್ಪಾಗುತ್ತದೆ, ಅದು ಆರಿ ಮೂರನೆಯದು. ನಡುವಿನ ಚಲನೆಯನ್ನು ತುಂಬಿಕೊಳ್ಳುವುದು ನಮ್ಮ ಮಿದುಳು. ಮದುವೆಮನೆಯ ಸೀರಿಯಲ್ ಬಲ್ಬುಗಳಲ್ಲಿ ಬೆಳಕು ಓಡಿದ ಹಾಗೆ ಕಾಣುವುದೂ ಹೀಗೆಯೇ. ಬಲ್ಬು ಓಡುವುದಿಲ್ಲ, ಸರದಿ ಓಡುತ್ತದೆ.

ಚಿಪ್ಪಿಗೆ ತೋಳ ಯಾರು, ಮಿಕ್ಕಿ ಯಾರು ಎಂಬುದು ಗೊತ್ತೇ ಇಲ್ಲ. ಅದು ಇಷ್ಟನೆಯ ತುಂಡು ಕಪ್ಪಾಗಲಿ, ಇಷ್ಟನೆಯದು ಆರಲಿ ಎಂದು ಮಾತ್ರ ಹೇಳುತ್ತದೆ. ಮಿಕ್ಕಿ ಹೋಗಿ ತೋಳ ಬಂದರೂ ಆಟ ಬದಲಾಗದಿದ್ದದ್ದು ಇದಕ್ಕೇ. ಮೊದಲ ಸುಳಿವಿಗೆ ಈಗ ಅರ್ಥ ಬಂತಲ್ಲ?

ಹಾಗಾದರೆ ಕಾರ್ಟೂನ್ ಸಿನಿಮಾ? ತೋಳ ಓಡಬೇಕು, ಬೀಳಬೇಕು, ಸೈಕಲ್ ಬಿಡಬೇಕು. ಅದಕ್ಕೆಲ್ಲ ಬೇಕಾದ ಆಕಾರಗಳು ಗಾಜಿನಲ್ಲಿ ಇಲ್ಲ. ಸಾವಿರವಲ್ಲ, ಲಕ್ಷ ಅಂಕ ಮಾಡಿದರೂ ಇಲ್ಲದ ಗೊಂಬೆ ರಂಗಕ್ಕೆ ಬರಲಾರದು.

ಲೆಕ್ಕ ಹಾಕುವ

ಇನ್ನೊಂದು ದಾರಿಯಿಂದಲೂ ಪರೀಕ್ಷಿಸುವ. ಪರದೆಯ ವಿಷಯ ಬಿಡಿ, ಸಿನಿಮಾವನ್ನು ಇಡಲು ಒಳಗೆ ಜಾಗವಾದರೂ ಇತ್ತೇ?

ಮೂಲ ಜಪಾನಿ ಆಟದಲ್ಲಿ ಇದ್ದದ್ದು ಶಾರ್ಪ್ ಕಂಪನಿಯ ಒಂದು ಪುಟ್ಟ 4 ಬಿಟ್ ಚಿಪ್. ಸೋವಿಯತ್ ಚಿಪ್ ಅದರದ್ದೇ ನಕಲು. ಆಟದ ಪ್ರೋಗ್ರಾಂ ಇಡಲು ಅದರಲ್ಲಿ 2 ಕಿಲೋಬೈಟ್‌ಗೂ ಕಡಿಮೆ ಜಾಗ. ಆಟ ಎಲ್ಲಿಗೆ ಬಂತು ಎಂದು ನೆನಪಿಡಲು 65 ಪುಟ್ಟ ಕೋಣೆಗಳು, ಒಂದೊಂದರಲ್ಲಿ 4 ಬಿಟ್.

ಈಗ ಅತಿ ಬಡವ ಕಾರ್ಟೂನ್ ಒಂದನ್ನು ಊಹಿಸಿ. ಬಣ್ಣ ಬೇಡ, ಬರೀ ಕಪ್ಪು ಬಿಳುಪು. ಚಿತ್ರ 100 ಚುಕ್ಕಿ ಅಗಲ, 100 ಚುಕ್ಕಿ ಎತ್ತರ ಸಾಕು. ಸೆಕೆಂಡಿಗೆ 10 ಚಿತ್ರ ಸಾಕು.

ಒಂದು ಚಿತ್ರಕ್ಕೆ: 100 × 100 = 10,000 ಚುಕ್ಕಿ. ಒಂದು ಚುಕ್ಕಿಗೆ 1 ಬಿಟ್. ಅಂದರೆ 10,000 ಬಿಟ್, 8ರಿಂದ ಭಾಗಿಸಿದರೆ 1,250 ಬೈಟ್.

ಚಿಪ್ಪಿನಲ್ಲಿ ಪೂರ್ತಿ 2 ಕಿಲೋಬೈಟ್, ಅಂದರೆ 2,048 ಬೈಟ್ ಇತ್ತೆಂದೇ ಇಟ್ಟುಕೊಳ್ಳಿ. ಆಟದ ಪ್ರೋಗ್ರಾಮನ್ನೆಲ್ಲ ಅಳಿಸಿ ಚಿತ್ರ ತುಂಬಿದರೂ ಎರಡು ಚಿತ್ರ ಹಿಡಿಯುವುದಿಲ್ಲ!

ಹತ್ತು ನಿಮಿಷದ ಒಂದು ಕಂತಿಗೆ: 600 ಸೆಕೆಂಡ್ × 10 ಚಿತ್ರ × 1,250 ಬೈಟ್ = 75,00,000 ಬೈಟ್. ಇದನ್ನು ಇಡಲು ಅಂಥ ಚಿಪ್ಪುಗಳು ಸುಮಾರು 3,660 ಬೇಕು. ಚಿತ್ರಗಳನ್ನು ಜಾಣತನದಿಂದ ಒತ್ತಿ ಚಿಕ್ಕದಾಗಿಸಬಹುದು, ಹೌದು. ಆದರೆ ಮೂರು ಸಾವಿರ ಮೂಟೆ ಅಕ್ಕಿಯನ್ನು ಎಷ್ಟು ಒತ್ತಿದರೂ ಒಂದು ಮೂಟೆಯೊಳಗೆ ತುಂಬಲು ಆಗುತ್ತದಾ?

ಹೀಗೆ ಸುದ್ದಿಯ ಬಾಗಿಲಿಗೆ ಎರಡು ಬೀಗ ಬಿತ್ತು. ತೋರಿಸಲು ಜಾಗವಿಲ್ಲ, ಇಡಲೂ ಜಾಗವಿಲ್ಲ.

999 ಆದ ಮೇಲೆ

ಸಾವಿರ ಅಂಕ ಮಾಡಿದವರು ಕಂಡದ್ದು ಏನು? 999 ಆದ ಮೇಲೆ ಎಣಿಕೆ ಮತ್ತೆ 0 ಆಯಿತು. ಆಟ ಮುಂದುವರಿಯಿತು. ಅಷ್ಟೇ.

ಹಳೆಯ ಸ್ಕೂಟರಿನ ಕಿಲೋಮೀಟರ್ ಎಣಿಸುವ ಚಕ್ರಗಳನ್ನು ನೋಡಿದ್ದೀರಾ? 99999 ಆದ ಮೇಲೆ ಎಲ್ಲ ಚಕ್ರಗಳೂ ತಿರುಗಿ 00000 ಆಗುತ್ತದೆ. ಸ್ಕೂಟರಿಗೆ ಹರೆಯ ಮರಳಿತೆಂದಲ್ಲ, ಎಣಿಸುವ ಮನೆಗಳು ಮುಗಿದವೆಂದು ಅರ್ಥ. ಗಡಿಯಾರಕ್ಕಾಗಿ ತೋಳನ ಪರದೆಯಲ್ಲಿ ಗಂಟೆ ನಿಮಿಷಗಳ ನಾಲ್ಕು ಅಂಕಿಗಳಿಗೆ ಜಾಗವಿತ್ತು. ಆದರೆ ಅಂಕಗಳನ್ನು ಪ್ರೋಗ್ರಾಂ ಎಣಿಸುತ್ತಿದ್ದದ್ದು ಮೂರು ಅಂಕಿಗಳಲ್ಲಿ. 'ಸಾವಿರ' ಎಂಬುದು ಅದರ ಲೆಕ್ಕದಲ್ಲೇ ಇರಲಿಲ್ಲ.

ಇನ್ನು, ನಿಜವಾದ ಬಹುಮಾನ ಬೇರೆ ಎರಡು ಕಡೆ ಇತ್ತು. 200 ಅಂಕಕ್ಕೆ ಮತ್ತು 500 ಅಂಕಕ್ಕೆ ಆಟಗಾರನ ತಪ್ಪುಗಳು ಅಳಿಸಿಹೋಗುತ್ತಿದ್ದವು. ಇನ್ನೂರಕ್ಕೆ ಒಂದು ಬಹುಮಾನ, ಐನೂರಕ್ಕೆ ಒಂದು ಬಹುಮಾನ ಎಂದಮೇಲೆ ಸಾವಿರಕ್ಕೆ ಏನೋ ದೊಡ್ಡದೇ ಇರಬೇಕು ಎಂದು ಮಗುವಿನ ಮನಸ್ಸು ಊಹಿಸಿದರೆ ಆಶ್ಚರ್ಯವೇನು? ಸುದ್ದಿ ನಂಬಿದ ಮಕ್ಕಳನ್ನು ದಡ್ಡರು ಎಂದು ನಗಬೇಡಿ. ಅವರ ಊಹೆಗೆ ಒಂದು ಕಾರಣ ಇತ್ತು. ಆದರೆ ಊಹೆಯನ್ನು ಪರೀಕ್ಷಿಸುವ ಉಪಾಯ ಅವರ ಕೈಯಲ್ಲಿ ಇರಲಿಲ್ಲ.

ಚುಕ್ಕಿಗಳ ಪರದೆ ಬಂದಾಗ

ಯಾವ ಚಿತ್ರ ಬೇಕಾದರೂ ತೋರಿಸುವ ಕೈಯಾಟ ಹೇಗಿರಬೇಕು? ಆಕಾರಗಳನ್ನು ಮೊದಲೇ ಬರೆಯದೆ, ಗಾಜಿನ ತುಂಬ ಒಂದೇ ಅಳತೆಯ ಚುಕ್ಕಿಗಳನ್ನು ಸಾಲಾಗಿ ಜೋಡಿಸಬೇಕು. ರಂಗೋಲಿಯ ಚುಕ್ಕಿಗಳ ಹಾಗೆ. ಚುಕ್ಕಿ ಅವೇ, ಎಳೆ ಪ್ರತಿದಿನ ಬೇರೆ.

ಅದೇ ಯೊಕೊಯ್ ಮತ್ತು ಸಂಗಡಿಗರು 1989ರಲ್ಲಿ 'ಗೇಮ್ ಬಾಯ್' ಎಂಬ ಸಾಧನವನ್ನು ಹೀಗೆಯೇ ತಂದರು. ಅದರ ಪರದೆಯಲ್ಲಿ 160 × 144, ಅಂದರೆ 23,040 ಚುಕ್ಕಿಗಳು. ಪ್ರತಿ ಚುಕ್ಕಿಗೆ ನಾಲ್ಕು ಛಾಯೆ. ಆಟವನ್ನು ಬದಲಿಸಬೇಕೆಂದರೆ ಬೇರೆ ಕಾರ್ಟ್ರಿಜ್ ಸಿಕ್ಕಿಸಿದರಾಯಿತು. ಡಿಸ್ನಿಯ 'ಡಕ್ ಟೇಲ್ಸ್' ಕಾರ್ಟೂನಿನ ಮುದುಕ ಬಾತುಕೋಳಿ 1990ರಲ್ಲಿ ಅದೇ ಪರದೆಗೆ ಬಂತು. ಆ ಚುಕ್ಕಿಗಳಲ್ಲಿ 'ಕ' ಬರೆಯಬಹುದು, ತೋಳನನ್ನೂ ಬರೆಯಬಹುದು. ಹಾಗಾಗಿ ಗೇಮ್ ಬಾಯ್ ಬಗ್ಗೆ ಇದೇ ಸುದ್ದಿ ಬಂದರೆ ಮೊದಲನೆಯ ಬೀಗ ತೆರೆಯುತ್ತದೆ. ಎರಡನೆಯದು, ಇಡುವ ಜಾಗದ್ದು, ಉಳಿಯುತ್ತದೆ. ಒಂದೇ ಸುದ್ದಿಗೆ ಬೇರೆ ಬೇರೆ ಯಂತ್ರದಲ್ಲಿ ಬೇರೆ ಬೇರೆ ಉತ್ತರ ಬರಬಹುದು. "ಎಲ್ಲಾ ಸುಳ್ಳು" ಎಂದು ಕಣ್ಣುಮುಚ್ಚಿ ಹೇಳುವುದೂ "ಎಲ್ಲಾ ನಿಜ" ಎಂದು ನಂಬಿದಷ್ಟೇ ಸೋಮಾರಿತನ.

ಎರಡು ಪ್ರಶ್ನೆಗಳು

ಈಗ ನಮ್ಮ ಜಗಲಿಗೆ ಬರುವ. "ಈ ಆಟದಲ್ಲಿ ಇಷ್ಟು ಲೆವೆಲ್ ದಾಟಿದ್ರೆ ಗುಪ್ತ ಬಾಗಿಲು ತೆರೀತದೆ", "ಈ ಸಂದೇಶ ಹತ್ತು ಜನರಿಗೆ ಕಳಿಸಿದ್ರೆ ರೀಚಾರ್ಜ್ ತನ್ನಿಂದ ತಾನೇ ಆಗ್ತದೆ", "ಮೊಬೈಲ್ ಮುಂದೆ ಬೆರಳಿಟ್ಟರೆ ಸಾಕು, ರಕ್ತದ ಸಕ್ಕರೆ ತೋರಿಸ್ತದೆ". ಇಂಥ ಮಾತುಗಳು ನಿಮ್ಮ ಕಿವಿಗೂ ಬೀಳುತ್ತವೆ. ತೋಳನ ಆಟದಲ್ಲಿ ಮೋಸಹೋದರೆ ಹೋಗುವುದು ಒಂದು ಸಂಜೆ ಮಾತ್ರ. ಮೂರನೆಯ ಮಾತು ನಂಬಿ ಅಜ್ಜ ಮದ್ದು ಬಿಟ್ಟರೆ?

ಹೇಳಿದವರ ಜೊತೆ ಜಗಳ ಬೇಡ. ಎರಡು ಪ್ರಶ್ನೆ ಕೇಳಿ. ಒಂದು: ಅದು ಆಗಬೇಕಾದರೆ ಯಂತ್ರದ ಒಳಗೆ ಏನಿರಬೇಕು? ಎರಡು: ಅದು ಅಲ್ಲಿ ಉಂಟಾ? ಕಾರ್ಟೂನಿಗೆ ಚುಕ್ಕಿಗಳ ಪರದೆ ಮತ್ತು ದೊಡ್ಡ ಸ್ಮರಣೆ ಬೇಕಿತ್ತು, ಎರಡೂ ಇರಲಿಲ್ಲ. ರಕ್ತದ ಸಕ್ಕರೆ ಅಳೆಯಲು ಸಕ್ಕರೆಯನ್ನು ಗುರುತಿಸುವ ಯಾವುದಾದರೂ ಭಾಗ ಬೇಕು. ಆರೋಗ್ಯ ಕೇಂದ್ರದಲ್ಲಿ ಬೆರಳಿಗೆ ಚುಚ್ಚಿ ಒಂದು ಪಟ್ಟಿಯ ಮೇಲೆ ರಕ್ತ ಇಡುತ್ತಾರಲ್ಲ, ಆ ಪಟ್ಟಿಯಲ್ಲಿ ಅಂಥ ರಾಸಾಯನಿಕ ಇರುತ್ತದೆ. ಮೊಬೈಲಿನ ಗಾಜಿನಲ್ಲಿ ಅದು ಉಂಟಾ? ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಹುಡುಕುವ" ಎನ್ನಿ. ಅದರಲ್ಲಿ ನಾಚಿಕೆ ಇಲ್ಲ.

ಯೋಚಿಸಿ, ಬರೆಯಿರಿ

1. ಏಳು ತುಂಡುಗಳ ಒಂದು ಅಂಕಿಯಲ್ಲಿ ಪ್ರತಿ ತುಂಡೂ ಕಪ್ಪಾಗಬಹುದು ಅಥವಾ ಆರಿರಬಹುದು. ಒಟ್ಟು ಎಷ್ಟು ಬಗೆಯ ಗುರುತುಗಳು ಸಾಧ್ಯ? ಅವುಗಳಲ್ಲಿ ಅಂಕಿಗಳು ಹತ್ತೇ. ಉಳಿದವುಗಳಲ್ಲಿ ಇಂಗ್ಲಿಷ್ ಅಥವಾ ಕನ್ನಡದ ಯಾವ ಅಕ್ಷರಗಳನ್ನು ಹೋಲುವವು ಸಿಗುತ್ತವೆ?

2. ಗೇಮ್ ಬಾಯ್ ಪರದೆಯ ಒಂದು ಚುಕ್ಕಿಗೆ ನಾಲ್ಕು ಛಾಯೆ. ಹಾಗಾದರೆ ಒಂದು ಚುಕ್ಕಿಗೆ ಎಷ್ಟು ಬಿಟ್ ಬೇಕು? ಪೂರ್ತಿ ಪರದೆಯ ಒಂದು ಚಿತ್ರಕ್ಕೆ ಎಷ್ಟು ಬೈಟ್? (ಉತ್ತರ 5,760 ಬಂದರೆ ನಿಮ್ಮ ಲೆಕ್ಕ ಸರಿ.)

3. ಕಪ್ಪು ರಟ್ಟಿನಿಂದ ಒಂದು ಬುಟ್ಟಿ, ಐದು ಮೊಟ್ಟೆ ಕತ್ತರಿಸಿ ಕಿಟಕಿಗೆ ಅಂಟಿಸಿ. ಪ್ರತಿ ಮೊಟ್ಟೆಗೂ ಮುಚ್ಚಿ ತೆರೆಯುವ ಕಾಗದದ ಬಾಗಿಲು ಮಾಡಿ. ಗೆಳೆಯರು ಸರದಿಯಲ್ಲಿ ತೆರೆದು ಮುಚ್ಚಲಿ. ಮೊಟ್ಟೆ ಉರುಳಿದ ಹಾಗೆ ಕಾಣಲು ಎಷ್ಟು ಬೇಗ ಮಾಡಬೇಕು, ಗಮನಿಸಿ ಬರೆಯಿರಿ.

4. ಈ ವಾರ ನೀವು ಕೇಳಿದ ಒಂದು 'ಅಂತೆ ಕಂತೆ'ಯನ್ನು ಬರೆಯಿರಿ. ಅದರ ಕೆಳಗೆ ಮೇಲಿನ ಎರಡು ಪ್ರಶ್ನೆಗಳನ್ನೂ ನಿಮಗೆ ಸಿಕ್ಕ ಉತ್ತರಗಳನ್ನೂ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ. ನಿಜವೆಂದು ಗೊತ್ತಾದ ಸುದ್ದಿಗೂ ಸುಳ್ಳೆಂದು ಗೊತ್ತಾದ ಸುದ್ದಿಗೂ ಅಂಕ ಒಂದೇ.